ಹೋಗುವಾಗ ಮೂರು ದಿನ

ಮಲ್ಕಾಪುರಂ ಕ್ವಾರ್ಟರ್ಸ್, ವಿಶಾಖಪಟ್ಟಣ
ಫೆಬ್ರವರಿ ೬, ಗುರುವಾರ, ಮಧ್ಯಾಹ್ನ ಊಟವಾದ ಮೇಲೆ

ಶ್ರಾವಣಿಯ ಅಪ್ಪನವರಿಗೆ ಭ್ರಮರಾಂಬ ಮಾಡುವ ನಮಸ್ಕಾರ.

ಹೇಗಿದ್ದೀರಿ? ಮೊಣಕಾಲು ಹೇಗಿದೆ? ನಾನು ಮಡಿಸಿ ಇಟ್ಟ ಉಣ್ಣೆಯ ಪಟ್ಟಿ ಕಟ್ಟಿಕೊಳ್ಳುತ್ತಿದ್ದೀರೋ, ಇಲ್ಲಾ ಅದು ಚೀಲದ ತಳದಲ್ಲೇ ಕೂತಿದೆಯೋ? ಬಿಪಿ ಮಾತ್ರೆ ಬೆಳಿಗ್ಗೆಗೆ ಬಿಳಿಯದು, ರಾತ್ರಿಗೆ ಹಳದಿಯದು, ಹೋದ ಸಲದ ಹಾಗೆ ಅದಲುಬದಲು ಮಾಡಿಕೊಳ್ಳಬೇಡಿ. ಶೇಂಗಾ ಚಟ್ನಿಪುಡಿಯನ್ನು ಮೊದಲ ದಿನವೇ ಹಡಗಿನವರಿಗೆಲ್ಲಾ ಹಂಚಿ ಮುಗಿಸಿರುತ್ತೀರಿ, ಅದನ್ನು ನಾನು ಕೇಳುವುದಿಲ್ಲ. ನಾವಿಲ್ಲಿ ಕ್ಷೇಮ ಅಂತ ಬರೆಯುವುದು ವಾಡಿಕೆ, ಅದಕ್ಕೇ ಬರೆದಿದ್ದೇನೆ. ಕ್ಷೇಮ ಏನೂ ಇಲ್ಲ. ನೀವಿರುವ ದ್ವೀಪಕ್ಕೆ ಫೋನು ಸಿಗುವುದಿಲ್ಲ. ಹತ್ತು ದಿನದಿಂದ ಫೋನಿನೊಳಗಿನ ಆ ಹುಡುಗಿ ಅದೇ ಹಿಂದಿಯಲ್ಲಿ ಅದೇ ಮಾತು ಹೇಳುತ್ತಿದ್ದಾಳೆ, ನನಗೆ ಬಾಯಿಪಾಠ ಆಗಿದೆ. ಪಕ್ಕದ ಮನೆ ರಾಮ್‌ಪ್ರಸಾದ್ ನಾಳೆ ಬೆಳಿಗ್ಗೆ ಯಾವುದೋ ಮೆಷಿನ್ನಿನ ಸಾಮಾನು ತೆಗೆದುಕೊಂಡು ವಿಮಾನದಲ್ಲಿ ಪೋರ್ಟ್ ಬ್ಲೇರಿಗೆ ಹೋಗುತ್ತಾರೆ. ಆ ಊರಿಗೂ ಈಗ ಬೇರೆ ಹೆಸರಂತೆ, ನನಗೆ ಹಳೆಯದೇ ಬರುತ್ತದೆ. ನಿಮ್ಮ ಟಗ್ಗು ನೀರು, ಡೀಸೆಲ್ ತುಂಬಿಸಿಕೊಳ್ಳಲು ಅಲ್ಲಿಗೆ ಬಂದೇ ಬರುತ್ತದೆ, ಜೆಟ್ಟಿ ಆಫೀಸಿನಲ್ಲಿ ಕೊಟ್ಟಿರುತ್ತೇನೆ ಅಂದರು. ಅದಕ್ಕೇ ಈ ಕಾಗದ. ಏಳನೇ ಕ್ಲಾಸಿನ ಮಧ್ಯದಲ್ಲಿ ಬಿಡಿಸಿ ಶೇಂಗಾ ಸುಲಿಯಲು ಕೂರಿಸಿದವಳ ಕೈಬರಹ ಇದು, ತಪ್ಪಿದ್ದಲ್ಲಿ ನೀವೇ ಸರಿಮಾಡಿಕೊಂಡು ಓದಿ. ಆದರೆ ಪೂರ್ತಿ ಓದಿ. ಅರ್ಧ ಓದಿ ಜೇಬಿಗೆ ಹಾಕಿಕೊಂಡು ಹಗ್ಗ ನೋಡಲು ಹೋಗಬೇಡಿ.

ಮಗಳ ಮುಹೂರ್ತ ಹದಿನಾರನೇ ತಾರೀಖು ಭಾನುವಾರ. ನೀವು ಊರು ಮುಟ್ಟುವುದು ಇಪ್ಪತ್ತೊಂದೋ ಇಪ್ಪತ್ತೆರಡೋ ಅಂತೆ. ಈ ಮಾತು ನನಗೆ ತಿಳಿದದ್ದು ಮೊನ್ನೆ ಸೋಮವಾರ. ನಾನು ಹೇಗೆ ಲೆಕ್ಕ ಹಾಕಿದ್ದೆ ಗೊತ್ತಾ? ಜನವರಿ ಇಪ್ಪತ್ತೇಳಕ್ಕೆ ಹೊರಟಿರಿ. ಹೊರಡುವಾಗ ಬೂಟಿನ ಲೇಸು ಕಟ್ಟಿಕೊಳ್ಳುತ್ತಾ ನೀವೇ ಹೇಳಿದಿರಿ, "ಮೂರು ದಿನದ ದಾರಿ, ಅಲ್ಲಿ ಹತ್ತು ದಿನದ ಕೆಲಸ, ಪುರೋಹಿತರು ಯಾವ ದಿನ ಹೇಳಿದರೂ ಒಪ್ಪಿಕೋ" ಅಂತ. ಹೋಗುವುದಕ್ಕೆ ಮೂರು, ಅಲ್ಲಿ ಹತ್ತು, ಬರುವುದಕ್ಕೆ ಮೂರು. ಬೆರಳು ಮಡಿಸಿ ಎಣಿಸಿದೆ, ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿದೆ. ಹನ್ನೆರಡಕ್ಕೆ ಮನೆಯಲ್ಲಿರುತ್ತೀರಿ, ಇನ್ನೂ ನಾಲ್ಕು ದಿನ ಕೈಯಲ್ಲಿರುತ್ತದೆ. ಮಾರನೇ ದಿನವೇ ಪುರೋಹಿತರು ಹದಿನಾರು ಅಂದಾಗ ಯಾರನ್ನೂ ಕೇಳದೆ ಹೂಂ ಅಂದುಬಿಟ್ಟೆ. ಬೀಗರು ಕಾರ್ಡು ಅಚ್ಚು ಹಾಕಿಸಿದರು. ತೇಜನ ಅಜ್ಜಿ ಲಕ್ಷ್ಮೀಕಾಂತಮ್ಮನವರು ಹಾಸಿಗೆಯಲ್ಲೇ ಎದ್ದು ಕೂತು ಮೊಮ್ಮಗನ ಮದುವೆಗೆ ತಮ್ಮ ಹಸಿರು ಸೀರೆ ಇಸ್ತ್ರಿ ಮಾಡಿಸಿದರು.

ಸೋಮವಾರ ನಲ್ಲಿ ಹತ್ತಿರ ರಾಮ್‌ಪ್ರಸಾದ್ ಸಿಕ್ಕಿದರು. ಹನ್ನೆರಡಕ್ಕೆ ಬಂದುಬಿಡುತ್ತಾರಲ್ಲ ಅಂತ ಸುಮ್ಮನೆ ಕೇಳಿದೆ. ಆ ಮನುಷ್ಯ ಕೊಡ ಕೆಳಗಿಟ್ಟು ನನ್ನನ್ನೇ ನೋಡಿದರು. "ಅಕ್ಕಾ, ಹೋಗುವಾಗ ಟಗ್ಗು ಖಾಲಿ ಹೋಗಿದೆ. ಬರುವಾಗ ಹಿಂದೆ ಪಾಂಟೂನು, ಕ್ರೇನು ಹೊತ್ತ ಕಬ್ಬಿಣದ ದೊಡ್ಡ ತೆಪ್ಪ, ಕಟ್ಟಿಕೊಂಡು ಬರುತ್ತೆ. ಅದಕ್ಕೆ ಇಂಜಿನ್ನೂ ಇಲ್ಲ, ಚುಕ್ಕಾಣಿಯೂ ಇಲ್ಲ. ಸಮುದ್ರ ಹಾಲಿನ ಹಾಗೆ ಇದ್ದರೂ ಹನ್ನೆರಡು ದಿನ" ಅಂದರು. ಇಪ್ಪತ್ತೈದು ವರ್ಷ ಟಗ್ಗಿನವನ ಹೆಂಡತಿಯಾಗಿದ್ದು, ಟಗ್ಗು ಬರುವಾಗ ಏನನ್ನಾದರೂ ಎಳೆದುಕೊಂಡು ಬರುತ್ತದೆ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲವಲ್ಲ! ಅದಕ್ಕೇ ತಾನೇ ಅದು ಹೋಗುವುದು? ವಿಜಯವಾಡದಲ್ಲಿ ದಸರೆಗೆ ಇಂದ್ರಕೀಲಾದ್ರಿಯ ಕೆಳಗೆ ದೇವಿಯ ತೆಪ್ಪ ನೋಡಿಲ್ಲವೇ ನಾನು? ಅಷ್ಟು ಹೊತ್ತಾದರೂ ನಾಲ್ಕು ಮಾರು ಹೋಗಿರುವುದಿಲ್ಲ. ನಿಮ್ಮ ತಪ್ಪೂ ಇದೆ. ಬರುವಾಗ ಎಷ್ಟು ದಿನ ಅಂತ ಬಾಯಿಬಿಟ್ಟು ಒಂದು ಮಾತು ಹೇಳಬಾರದಾ? ನನಗೆ ಗೊತ್ತಿರುತ್ತದೆ ಅಂದುಕೊಂಡಿರಿ. ನಿಮ್ಮ ಹಗ್ಗದ ಬಗ್ಗೆ ಗಂಟೆಗಟ್ಟಲೆ ಹೇಳುತ್ತೀರಿ, ಬೇಕಾದ್ದು ಮಾತ್ರ ಹೇಳುವುದಿಲ್ಲ.

ಈ ಟಗ್ಗಿನ ಸಹವಾಸವೇ ಹೀಗೆ. ಚಳ್ಳಕೆರೆಯಲ್ಲಿ ಕೊಳಾಯಿ ನೀರಿಗೂ ಗತಿ ಇಲ್ಲದೆ ಬೆಳೆದವರು ನೀವು, ಸಮುದ್ರದ ಕೆಲಸವೇ ಬೇಕಾಗಿತ್ತಾ? ಹೋಗಲಿ, ಸೇರಿದ್ದು ಸೇರಿದಿರಿ, ಮಿಕ್ಕವರ ಹಾಗೆ ಒಂದು ದೊಡ್ಡ ಹಡಗಿಗೆ ಹಾಕಿಸಿಕೊಳ್ಳಬಾರದಾ? ಬೇರೆಯವರ ಹಡಗು ಬಾವುಟ ಹಾರಿಸಿಕೊಂಡು, ಬ್ಯಾಂಡು ಬಾರಿಸಿಕೊಂಡು ಬರುತ್ತದೆ. ನಿಮ್ಮದು ಯಾರದೋ ಕೆಟ್ಟುಹೋದದ್ದನ್ನು ಎಳೆದುಕೊಂಡು, ಯಾರೂ ನೋಡದ ಹೊತ್ತಿನಲ್ಲಿ ಬರುತ್ತದೆ. ತುಫಾನು ಬರುತ್ತದೆ ಅಂದರೆ ಊರೆಲ್ಲಾ ಬಾಗಿಲು ಹಾಕಿಕೊಳ್ಳುತ್ತದೆ, ನೀವು ಯಾವುದೋ ಮೀನಿನ ಬೋಟು ತೇಲಿಹೋಯಿತಂತ ಹೊರಡುತ್ತೀರಿ. ಇನ್ನು ಆ ಗುಂಡು ಹೊಡೆಯುವ ಪ್ರಾಕ್ಟೀಸು ಬೇರೆ. ಅವರು ಫಿರಂಗಿ ಹೊಡೆಯುವ ಗುರಿಹಲಗೆಯನ್ನು ಎಳೆಯುವವರು ನೀವಂತೆ! "ಹಗ್ಗ ಬಹಳ ಉದ್ದ ಇರುತ್ತೆ ಕಣೇ, ನಮಗೇನೂ ಆಗಲ್ಲ" ಅಂತ ನಗುತ್ತಾ ಹೇಳಿದಿರಿ. ಅವತ್ತಿನಿಂದ ಆ ಪ್ರಾಕ್ಟೀಸು ನಡೆದ ದಿನವೆಲ್ಲಾ ನಾನು ಒಲೆ ಹಚ್ಚಿದ್ದು ಎಷ್ಟು ಹೊತ್ತಿಗೆ, ಅನ್ನ ಹೊತ್ತಿಸಿದ್ದು ಎಷ್ಟು ಸಲ ಅಂತ ನಿಮಗೆ ಗೊತ್ತಿಲ್ಲ.

ಮಂಗಳವಾರ ಬೆಳಗಿನ ರೈಲಿಗೆ ವಿಜಯವಾಡಕ್ಕೆ ಹೋದೆ, ಒಬ್ಬಳೇ. ಫೋನಿನಲ್ಲಿ ಹೇಳುವ ಮಾತಲ್ಲ ಅನ್ನಿಸಿತು. ಬೀಗರು ದುರ್ಗಾಪ್ರಸಾದ್ ಅವರು ಚಪ್ಪರ ಹಾಕುವವನ ಜೊತೆ ಬಾಗಿಲಲ್ಲೇ ನಿಂತು ಕಂಬ ಎಣಿಸುತ್ತಿದ್ದರು. ರಿಟೈರಾಗಿ ಎರಡು ವರ್ಷವಾದರೂ ಇನ್ನೂ ರೈಲು ಓಡಿಸುವವರ ಹಾಗೆ ಹೊತ್ತಿಗೆ ಸರಿಯಾಗಿ ಎಲ್ಲಾ ಆಗಬೇಕು ಅವರಿಗೆ. ಶ್ರಾವಣಿ ಅಪ್ಪ ಬರುವುದು ಇಪ್ಪತ್ತೊಂದಕ್ಕೆ ಅಂದೆ. ನೌಕಾಪಡೆಯ ಹುಕುಂ, ಏನೂ ಮಾಡುವ ಹಾಗಿಲ್ಲ ಅಂದೆ. ಅವರ ಮುಖ ಗಂಟಾಯಿತು. "ಯುದ್ಧಪು ಓಡ ಅಂಡಮಾನ್ ನುಂಚಿ ರಾವಡಾನಿಕಿ ಪನ್ನೆಂಡು ದಿನಾಲಾ? ಮಾ ಗೂಡ್ಸು ಬಂಡೇ ನಯಂ ಚೆಲ್ಲೆಮ್ಮಾ!" ಅಂದರು. ಯುದ್ಧದ ಹಡಗು ಅಂಡಮಾನಿನಿಂದ ಬರಲು ಹನ್ನೆರಡು ದಿನವಾ, ಅದಕ್ಕಿಂತ ನಮ್ಮ ಗೂಡ್ಸು ಗಾಡಿಯೇ ವಾಸಿ ಅಂತ. ಆಮೇಲೆ ಸೀತಾಮಹಾಲಕ್ಷ್ಮಿ ನನ್ನನ್ನು ಅಡಿಗೆಮನೆಗೆ ಕರೆದುಕೊಂಡು ಹೋಗಿ, ಕಾಫಿ ಕೈಗೆ ಕೊಟ್ಟು, ತಗ್ಗಿದ ದನಿಯಲ್ಲಿ ಕೇಳಿದರು: "ನಿಜಂ ಚೆಪ್ಪಂಡಿ ವದಿನಾ, ಅನ್ನಯ್ಯಗಾರಿಕಿ ಈ ಸಂಬಂಧಂ ಇಷ್ಟಂ ಲೇದಾ?" ನಿಜ ಹೇಳಿ, ಅಣ್ಣನವರಿಗೆ ಈ ಸಂಬಂಧ ಇಷ್ಟವಿಲ್ಲವಾ ಅಂತ. ತೆಲುಗು ಹುಡುಗ ಅಂತ ನೀವು ಬೇಕೆಂದೇ ತಪ್ಪಿಸಿಕೊಂಡಿದ್ದೀರಿ ಅಂತ ಅವರಿಗೆ ಅನುಮಾನ ಬಂದಿದೆ.

ನಿಮ್ಮ ತಮ್ಮ ವಿನಾಯಕನೂ ಅಲ್ಲೇ ಇದ್ದ. ಬ್ಯಾಂಕಿನವರು ಅವನನ್ನು ವಿಜಯವಾಡಕ್ಕೆ ಹಾಕಿದ್ದು ಒಳ್ಳೆಯದೇ ಆಯಿತು ಅಂದುಕೊಂಡಿದ್ದೆ, ಈಗ ಹಾಗನ್ನಿಸುವುದಿಲ್ಲ. "ಅತ್ತಿಗೆ, ನೀವ್ಯಾಕೆ ತಲೆ ಕೆಡಿಸ್ಕೊಳ್ತೀರಿ? ಅಣ್ಣ ಬರದಿದ್ದರೇನಂತೆ, ನಾನೂ ಮಾಧವೀಲತಾನೂ ಕೂತು ಧಾರೆ ಎರೆದುಕೊಡ್ತೀವಿ" ಅಂದ. ಅವನ ಹೆಂಡತಿ ಆಗಲೇ ಧಾರೆಗೆ ಅಂತ ಅರಿಶಿನ ಬಣ್ಣದ ಸೀರೆ ಎತ್ತಿಟ್ಟಿದ್ದಾಳೆ, ಅಂಚು ಹಿಡಿದು ನನಗೇ ತೋರಿಸಿದಳು. ಕೆಟ್ಟವಳೇನಲ್ಲ, ಪಾಪ. ಆದರೆ ನೀವೇ ಯೋಚನೆ ಮಾಡಿ. ಧಾರೆಗೆ ಗಂಡಹೆಂಡತಿ ಜೊತೆಯಾಗಿ ಕೂರಬೇಕು. ನೀವಿಲ್ಲದಿದ್ದರೆ ನಾನೂ ಇಲ್ಲ. ಹೆತ್ತವಳು ನಾನು, ಜ್ವರ ಬಂದರೆ ಬೆಳಗಿನ ತನಕ ತೊಡೆಯ ಮೇಲೆ ಹಾಕಿಕೊಂಡು ಕೂತವಳು ನಾನು, ನೀವು ಊರೂರ ಹಡಗು ಎಳೆಯುತ್ತಿದ್ದಾಗ ಸ್ಕೂಲಿನ ಫಾರ್ಮಿಗೆಲ್ಲಾ ತಡವರಿಸಿಕೊಂಡು ಸಹಿ ಹಾಕಿದವಳು ನಾನು. ನನ್ನ ಮಗಳ ಕೈ ಮೇಲೆ ನೀರು ಬೀಳುವಾಗ ನಾನು ಜನರ ನಡುವೆ ಕುರ್ಚಿಯಲ್ಲಿ ಕೂತು ನೋಡಬೇಕು. ವಾಪಸು ರೈಲಿನಲ್ಲಿ ತುನಿ ದಾಟುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬಂದೆ.

ಈಗ ಒಂದು ಹೇಳಬೇಕು, ಸಿಟ್ಟು ಮಾಡಬೇಡಿ. ಸಿಟ್ಟು ಮಾಡಿದರೂ ಅಲ್ಲೇ ಮಾಡಿ ಮುಗಿಸಿಕೊಂಡು ಬನ್ನಿ. ಹೆಣ್ಣು ನೋಡಲು ಬಂದ ದಿನ ನೀವು ಒಳಗೆ ಅಂಗಿ ಬದಲಾಯಿಸುತ್ತಿದ್ದಿರಿ. ಸೀತಾಮಹಾಲಕ್ಷ್ಮಿ ಗೋಡೆಯ ಕ್ಯಾಲೆಂಡರ್ ನೋಡಿದರು. ಅದೇ, ಕಬ್ಬಿಣದ ಕೋಟೆಯ ಹಾಗಿರುವ ದೊಡ್ಡ ಯುದ್ಧದ ಹಡಗು, ಮೇಲೆ ಹೆಲಿಕಾಪ್ಟರ್. ಅನ್ನಯ್ಯಗಾರು ಇಂಥದರಲ್ಲೇನಾ ಕೆಲಸ ಮಾಡುವುದು ಅಂತ ಕೇಳಿದರು. ನಾನು ಅದೇ ಅಂದುಬಿಟ್ಟೆ. ಯಾಕೆ ಅಂದೆ ಅಂತ ನನಗೇ ಗೊತ್ತಿಲ್ಲ. ಟಗ್ಗು ಅಂದರೆ ಏನು ಅಂತ ಕೇಳುತ್ತಾರೆ, ಎಳೆಯುವ ದೋಣಿ ಅಂದರೆ ಇಷ್ಟೇನಾ ಅಂದಾರು ಅಂತ ಹೆದರಿದೆ. ಹುಡುಗ ಅಚ್ಯುತಾಪುರಂ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು, ಅವರಪ್ಪ ರೈಲ್ವೇ, ನಮ್ಮ ಕಡೆಯೂ ಏನೋ ಒಂದು ದೊಡ್ಡದಿರಲಿ ಅನ್ನಿಸಿತು. ಶ್ರಾವಣಿ ಕಾಫಿ ತಟ್ಟೆ ಹಿಡಿದು ನಿಂತಿದ್ದವಳು ತಲೆ ತಗ್ಗಿಸಿದಳು. ನೀವು ಹೊರಗೆ ಬಂದ ಮೇಲೆ ಯಾರೂ ಆ ಮಾತು ಎತ್ತಲಿಲ್ಲ, ನೀವೂ ಎಂದಿನಂತೆ ಹತ್ತು ಮಾತು ಆಡಲಿಲ್ಲ, ಬಚಾವಾದೆ ಅಂದುಕೊಂಡೆ. ಈಗ ನೋಡಿ. ಯುದ್ಧದ ಹಡಗಿನವರಿಗೆ ಹನ್ನೆರಡು ದಿನ ಯಾಕೆ ಅಂತ ಅವರು ಕೇಳುವುದರಲ್ಲಿ ತಪ್ಪೇನಿದೆ?

ನಿನ್ನೆ ಇದೇ ವಿಚಾರಕ್ಕೆ ಮಗಳ ಜೊತೆ ಜಗಳ. ದ್ವಾರಕಾ ನಗರದ ಆಫೀಸಿನಿಂದ ಬಂದವಳು ಬ್ಯಾಗನ್ನೂ ಇಳಿಸದೆ ನಿಂತಳು. "ಅಮ್ಮಾ, ಲೆಕ್ಕ ತಪ್ಪಿದ್ದು ನೀನು, ಸುಳ್ಳು ಹೇಳಿದ್ದು ನೀನು. ಮಾವಯ್ಯನ ಮನೇಲಿ ಕೆಟ್ಟವರಾಗ್ತಿರೋದು ನಾನ್ನ" ಅಂದಳು. ಅವಳ ಕನ್ನಡದಲ್ಲಿ ಅಪ್ಪ ಯಾವತ್ತೂ ನಾನ್ನನೇ ಅಲ್ಲವಾ. ಚಿಕ್ಕಪ್ಪ ಧಾರೆ ಎರೆಯುವುದಾದರೆ ತಾನು ಹಸೆಮಣೆಗೆ ಬರುವುದೇ ಇಲ್ಲವಂತೆ, ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ ಬರುತ್ತಾಳಂತೆ. ವಿಜಯವಾಡಕ್ಕೆ ಫೋನು ಮಾಡಿ ನಿಜ ಹೇಳು ಅಂತ ಫೋನು ನನ್ನ ಕೈಗೇ ತುರುಕಿದಳು. ನಾನು ವಾಪಸು ಕೊಟ್ಟೆ. ಹೇಗೆ ಹೇಳಲಿ? ನಾಲಿಗೆ ಹೊರಳಬೇಕಲ್ಲ. ಟಗ್ಗಿನವರು ಅಂತ ಮೊದಲೇ ಹೇಳಿದ್ದರೆ ಅದೊಂದು ಮಾತು. ಈಗ ಹೇಳಿದರೆ ಟಗ್ಗೂ ಚಿಕ್ಕದಾಯಿತು, ನನ್ನ ಮಾತೂ ಸುಳ್ಳಾಯಿತು. ಅವಳು ಊಟ ಮಾಡದೆ ಮಲಗಿದಳು. ಹುಳಿಯೆಲ್ಲಾ ಬೆಳಿಗ್ಗೆ ಬಿಸಿಮಾಡಿ ನಾನೇ ತಿಂದೆ.

ಅದಕ್ಕೇ ನಾನು ಹೇಳುವುದು ಇಷ್ಟು. ಪೋರ್ಟ್ ಬ್ಲೇರಿಗೆ ನೀವು ಹನ್ನೊಂದಕ್ಕೋ ಹನ್ನೆರಡಕ್ಕೋ ಬರುತ್ತೀರಂತೆ. ಮಗಳ ಮದುವೆ ಅಂತ ಅರ್ಜಿ ಕೊಟ್ಟರೆ ನಿಮ್ಮ ಸಾಹೇಬರು ಅಲ್ಲೇ ಇಳಿಸಿ ವಿಮಾನಕ್ಕೆ ಕಳಿಸಬಹುದು ಅಂತ ರಾಮ್‌ಪ್ರಸಾದ್ ಹೇಳಿದ್ದಾರೆ. ಅರ್ಜಿಯನ್ನು ಶ್ರಾವಣಿ ಇಂಗ್ಲಿಷಿನಲ್ಲಿ ಟೈಪು ಮಾಡಿ ಇದರ ಜೊತೆ ಇಟ್ಟಿದ್ದಾಳೆ, ಸಹಿ ಹಾಕುವುದೊಂದೇ ಬಾಕಿ. ಅವಳು ಇಟ್ಟಿದ್ದು ನಾನು ಹಟ ಮಾಡಿದ್ದಕ್ಕೆ. ನನಗೆ ಗೊತ್ತು, ನೀವು ಏನನ್ನುತ್ತೀರಿ ಅಂತ. "ಹಗ್ಗ ಯಾರು ನೋಡ್ತಾರೆ?" ನೀವಿಲ್ಲದಿದ್ದರೆ ಆ ಹಗ್ಗವನ್ನು ನೋಡುವವರೇ ಇಲ್ಲವಾ ಇಡೀ ನೌಕಾಪಡೆಯಲ್ಲಿ? ಹಗ್ಗ ನೀರಿನೊಳಗೆ ಜೋಲು ಬಿದ್ದು ಮುಳುಗಿರಬೇಕು, ಬಿಗಿಯಾಗಿ ನೀರಿನಿಂದ ಮೇಲೆದ್ದರೆ ಯಾರೂ ಹತ್ತಿರ ನಿಲ್ಲಬಾರದು, ಹಡಗಿನ ಹಿಂದಿನ ಅಂಚಿಗೆ ಉಜ್ಜುವ ಜಾಗಕ್ಕೆ ಗ್ರೀಸು ಹಚ್ಚುತ್ತಾ ಇರಬೇಕು, ಒಂದೇ ಜಾಗ ಸವೆಯದ ಹಾಗೆ ಸ್ವಲ್ಪ ಸ್ವಲ್ಪ ಸರಿಸುತ್ತಿರಬೇಕು. ನೋಡಿ, ನನಗೇ ಬರುತ್ತದೆ! ಇದನ್ನು ಇನ್ನೊಬ್ಬರಿಗೆ ಹೇಳಿಕೊಟ್ಟು ಬರಲು ಎಷ್ಟು ಹೊತ್ತು? ಆ ಹಗ್ಗ ತುಂಡಾಗಿ ಬಡಿದು ನಿಮ್ಮ ಜೊತೆಯವರೊಬ್ಬರ ಕಾಲು ಹೋದದ್ದೂ ನನಗೆ ಮರೆತಿಲ್ಲ, ಅದನ್ನು ನೆನಪಿಸಬೇಡಿ. ಶ್ರಾವಣಿ ಹುಟ್ಟಿದಾಗಲೂ ನೀವು ಎಳೆಯುತ್ತಲೇ ಇದ್ದಿರಿ. ಹನ್ನೊಂದನೇ ದಿನ ತೊಟ್ಟಿಲಿಗೆ ಹಾಕುವ ಹೊತ್ತಿಗೆ ಬಂದಿರಿ, ಉಗುರಲ್ಲಿ ಗ್ರೀಸು ಹಾಗೇ ಇತ್ತು, ನಮ್ಮಮ್ಮ ಮಗು ಮುಟ್ಟಲು ಬಿಡಲಿಲ್ಲ. ಬಾಗಿಲಲ್ಲಿ ನಿಂತು ನೋಡಿದಿರಿ. ಅವತ್ತು ಸುಮ್ಮನಿದ್ದೆ. ಈ ಸಲ ಸುಮ್ಮನಿರುವುದಿಲ್ಲ. ಬಾಗಿಲಲ್ಲಿ ನಿಲ್ಲುವ ಸರದಿ ಈಗ ನನ್ನದಾಗುತ್ತಿದೆ, ಅದಕ್ಕೇ.

ಮಿಕ್ಕ ಸಮಾಚಾರ ಏನೂ ಇಲ್ಲ. ಗ್ಯಾಸು ಬಂತು. ನಿಮ್ಮ ಸ್ಕೂಟರಿನ ಬ್ಯಾಟರಿ ಕೂತಿದೆ. ಹಿತ್ತಲಿನ ನುಗ್ಗೆ ಹೂ ಬಿಟ್ಟಿದೆ, ನೀವು ಬರುವ ಹೊತ್ತಿಗೆ ಕಾಯಿ ಎಳೆಯದಾಗಿರುತ್ತದೆ. ಬಿಸಿಲಿಗೆ ಟೋಪಿ ಇಲ್ಲದೆ ಡೆಕ್ಕಿನ ಮೇಲೆ ನಿಲ್ಲಬೇಡಿ. ನಿಮ್ಮ ಜೊತೆಯವರಿಗೆಲ್ಲಾ ನನ್ನ ನಮಸ್ಕಾರ ತಿಳಿಸಿ, ಚಿಕ್ಕವರಿಗೆ ಆಶೀರ್ವಾದ. ದುರ್ಗಮ್ಮ ನಿಮ್ಮನ್ನು ಕಾಪಾಡಲಿ, ನನಗೆ ಇನ್ನು ಕಾಪಾಡಲು ತ್ರಾಣವಿಲ್ಲ. ಅರ್ಜಿಗೆ ಸಹಿ ಹಾಕಿ.

ಇಂತಿ ನಿಮ್ಮ
ಭ್ರಮರಾಂಬ

ತಾಜಾ ಕಲಂ: ಶುಕ್ರವಾರ ಬೆಳಿಗ್ಗೆ. ರಾಮ್‌ಪ್ರಸಾದ್ ಅವರ ಆಟೋ ಹೊರಗೆ ಹಾರನ್ ಹೊಡೆಯುತ್ತಿದೆ, ಕವರು ಬಿಚ್ಚಿ ಬರೆಯುತ್ತಿದ್ದೇನೆ. ಅರ್ಜಿ ತೆಗೆದುಬಿಟ್ಟಿದ್ದೇನೆ, ಹುಡುಕಬೇಡಿ. ನಿನ್ನೆ ಸಾಯಂಕಾಲ ಈ ಕಾಗದವನ್ನು ನಾನೇ ಒಂದು ಸಲ ಓದಿಕೊಂಡೆ. ಹಗ್ಗದ ವಿಷಯ ಬರೆದ ಜಾಗಕ್ಕೆ ಬಂದಾಗ, ನೀವು ಅದನ್ನು ಬಿಟ್ಟು ಬಂದ ಮೇಲೆ ಯಾರದಾದರೂ ಕಾಲೋ ಕೈಯೋ ಹೋದರೆ ನೀವು ಹಸೆಮಣೆ ಮುಂದೆ ಹೇಗೆ ಕೂರುತ್ತೀರಿ ಅನ್ನಿಸಿತು. ಎದ್ದು ವಿಜಯವಾಡಕ್ಕೆ ಫೋನು ಮಾಡಿದೆ. ದುರ್ಗಾಪ್ರಸಾದ್ ಅವರೇ ಎತ್ತಿದರು. ಒಂದೇ ಉಸಿರಿಗೆ ಎಲ್ಲಾ ಹೇಳಿಬಿಟ್ಟೆ, ಕ್ಯಾಲೆಂಡರಿನ ಹಡಗು ನಮ್ಮದಲ್ಲ, ನಮ್ಮವರದು ಎಳೆಯುವ ಟಗ್ಗು, ಹೋಗುವಾಗ ಖಾಲಿ ಬರುವಾಗ ಭಾರ, ದಿನ ತಪ್ಪಾಗಿ ಎಣಿಸಿದವಳು ನಾನು, ಅವರಿಗೇನೂ ಗೊತ್ತಿಲ್ಲ, ಅವರಿಗೆ ತೇಜ ಅಂದರೆ ಇಷ್ಟ ಅಂತ. ಸಂಬಂಧ ಮುರಿಯಿತು ಅಂದುಕೊಂಡೆ. ಆಮೇಲೆ "ಲೈಟ್ ಇಂಜಿನ್ ವೆಳ್ಳಿ ಲೋಡುತೋ ವಸ್ತುಂದಿ! ಈ ಮಾಟ ಮುಂದೇ ಚೆಪ್ಪೊಚ್ಚುಗದಮ್ಮಾ!" ಅಂತ ಒಂದು ಕೂಗು. ಬರೀ ಇಂಜಿನ್ ಹೋಗಿ ಲೋಡು ಕಟ್ಟಿಕೊಂಡು ಬರುತ್ತಿದೆ, ಇದನ್ನು ಮೊದಲೇ ಹೇಳಬಾರದಿತ್ತಾ ಅಂತ. ಮೂವತ್ತಾರು ವರ್ಷ ಗೂಡ್ಸು ಗಾಡಿ ಓಡಿಸಿದವರು ಅವರು, ನನ್ನಷ್ಟು ಹೊತ್ತು ಬೇಕಾಗಲಿಲ್ಲ ಅರ್ಥವಾಗಲು. ಹೆಂಡತಿಯನ್ನು ಕೂಗಿ ಕರೆದು, ಬಾವಗಾರು ನಮ್ಮವರೇ ಕಣೇ, ಲೋಡು ಎಳೆಯುವವರು ಅಂದರು. ದಾರಿ ಮಧ್ಯೆ ಲೋಡು ಬಿಟ್ಟು ಇಳಿದು ಬರುವ ಡ್ರೈವರ್ ಜೊತೆ ತಾವು ಬೀಗತನ ಮಾಡುವುದಿಲ್ಲವಂತೆ. ರಾತ್ರಿ ಊಟದ ಹೊತ್ತಿಗೆ ಪುರೋಹಿತರನ್ನು ಕೇಳಿ ಅವರೇ ಫೋನು ಮಾಡಿದರು. ಮುಹೂರ್ತ ಮಾರ್ಚ್ ಎರಡಕ್ಕೆ ಹೋಗಿದೆ, ಅದೂ ಭಾನುವಾರವೇ. ಕಾರ್ಡಿನ ಮೇಲೆ ಹೊಸ ತಾರೀಖಿನ ಚೀಟಿ ಅಂಟಿಸುತ್ತಾರಂತೆ. "ರೈಲುಕೇ ರೀಷೆಡ್ಯೂಲ್ ಉಂದಿ, ಪೆಳ್ಳಿಕಿ ಲೇದಾ ಚೆಲ್ಲೆಮ್ಮಾ?" ಅಂದರು. ರೈಲಿಗೇ ಹೊತ್ತು ಬದಲಾಯಿಸುತ್ತಾರೆ, ಮದುವೆಗೆ ಬದಲಾಯಿಸಬಾರದಾ ಅಂತ. ಅಜ್ಜಿಯ ಹಸಿರು ಸೀರೆ ಮತ್ತೆ ಇಸ್ತ್ರಿಯವನ ಹತ್ತಿರ ಹೋಗಿದೆ. ಮಾಧವೀಲತಾಗೆ ಇನ್ನೂ ಹೇಳಿಲ್ಲ, ನೀವೇ ತಮ್ಮನಿಗೆ ಹೇಳಿ. ವಿಮಾನ ಬೇಡ. ಹಗ್ಗದ ಹತ್ತಿರವೇ ಇರಿ, ಆದರೆ ತೀರಾ ಹತ್ತಿರ ನಿಲ್ಲಬೇಡಿ. ನಿಧಾನವಾಗಿ ಬನ್ನಿ, ಎರಡು ದಿನ ಹೆಚ್ಚಾದರೂ ಸರಿ. ಬರುವ ಮೊದಲು ಉಗುರು ಚೆನ್ನಾಗಿ ತಿಕ್ಕಿಕೊಳ್ಳಿ. ಇನ್ನೊಂದು, ಆ ಪಾಂಟೂನು ಎಷ್ಟು ಟನ್ನು ಅಂತ ಬೀಗರು ಮೂರು ಸಲ ಕೇಳಿದರು, ನನಗೆ ಹೇಳಲು ಬರಲಿಲ್ಲ. ಪೋರ್ಟ್ ಬ್ಲೇರಿಗೆ ಬಂದ ಕೂಡಲೇ ಮೊದಲು ಅವರಿಗೆ ಫೋನು ಮಾಡಿ ಟನ್ನು ಹೇಳಿ. ಆಮೇಲೆ ನನಗೆ ಮಾಡಿ, ಮಾತ್ರೆ ತೆಗೆದುಕೊಂಡಿರೋ ಇಲ್ಲವೋ ಹೇಳಿ.